ಎತ್ತಿನ ಗಾಡಿ ಹತ್ತಿಸಿದ ನನ್ನಕ್ಕನ ಹಾಡು

ನಾನಿನ್ನೂ ಬದುಕಿದ್ದೇನೆ. ಇದನ್ನು ಬಾಯಿಬಿಟ್ಟು ಹೇಳಿಕೊಳ್ಳಬೇಕಾಗಿ ಬಂದಿದೆಯಲ್ಲ, ಅದಕ್ಕೇ ನನಗೆ ಮೈಯೆಲ್ಲ ಉರಿಯುವುದು. ನಾನೇ ಬರೆದು, ನಾನೇ ರಾಗ ಕಟ್ಟಿದ ಹಾಡನ್ನು ಮಂಡ್ಯದ ಒಂದು ತಂಡ ವೇದಿಕೆಯಿಂದ ವೇದಿಕೆಗೆ ಹೊತ್ತು ತಿರುಗುತ್ತಿದೆ. ಯಾರು ಬರೆದದ್ದು ಎಂದು ಕೇಳಿದರೆ ‘ಜಾನಪದ’ ಎನ್ನುತ್ತಾರೆ. ಅಂದರೆ ಬರೆದವಳು ಯಾವ ಕಾಲದಲ್ಲೋ ಮಣ್ಣಾಗಿದ್ದಾಳೆ ಎಂದು.

ಗಿಟಾರು ಹಿಡಿದು ನನ್ನ ಪಾಡಿಗೆ ಮೆಲ್ಲಗೆ ಹಾಡಿಕೊಳ್ಳುವವಳು ನಾನು. ನಮ್ಮ ಕಡೆ ಅಂಥವರನ್ನು ಏನೆಂದು ಕರೆಯಬೇಕು ಎಂಬುದೇ ಯಾರಿಗೂ ಗೊತ್ತಿಲ್ಲ. ಮದ್ದೂರಿನ ಛತ್ರದಲ್ಲಿ ಒಂದು ಆರತಕ್ಷತೆಗೆ ಹಾಡಿದರೆ, ಊಟದ ಹಾಲಿಗೆ ಹೊರಟ ಹೆಂಗಸೊಬ್ಬರು ನಿಂತು ‘ಇದ್ಯಾವ ಪಿಚ್ಚರ್ದಮ್ಮ?’ ಎಂದು ಕೇಳಿದರು. ಯಾವ ಪಿಚ್ಚರಿನದೂ ಅಲ್ಲ, ನನ್ನದೇ ಎಂದೆ. ‘ಅಯ್ಯೋ ಪಾಪ, ಇನ್ನೂ ಚಾನ್ಸು ಸಿಕ್ಕಿಲ್ವಾ’ ಎಂದು ಮರುಗಿದರು. ಇವರ ಲೆಕ್ಕದಲ್ಲಿ ಹಾಡು ಒಂದೋ ಸಿನಿಮಾದವರದು, ಇಲ್ಲವೇ ಸತ್ತವರದು. ನಮ್ಮ ಕೊಪ್ಪದಂಥ ಊರಿನ ಹೆಣ್ಣೊಬ್ಬಳು ಮನೆಯಲ್ಲಿ ಕೂತು ಯೋಚಿಸಿ ಬರೆದಳು ಎಂದರೆ ನಂಬಿಕೆ ಬರುವುದಿಲ್ಲ.

ಮಂಡ್ಯದವರು ಎತ್ತಿಕೊಂಡ ಆ ಹಾಡು ನನ್ನಕ್ಕನ ಕುರಿತದ್ದು. ಅಪ್ಪ ತೀರಿಕೊಂಡಾಗ ಅವಳು ಶಾಲೆ ಬಿಟ್ಟು ಸೋಮನಹಳ್ಳಿ ಕಡೆಯ ಗಾರ್ಮೆಂಟ್ಸಿಗೆ ಸೇರಿದಳು. ನಾನು ಓದಲಿ, ಹಾಡಲಿ ಎಂದು. ಕಂಪನಿ ಬಸ್ಸು ನಮ್ಮೂರು ಮುಟ್ಟುವ ಹೊತ್ತಿಗೇ ತುಂಬಿ ಬಂದಿರುತ್ತದೆ. ನಿಂತೇ ಹೋಗಬೇಕು, ನಿಂತೇ ಬರಬೇಕು. ಅಲ್ಲಿ ಅವಳದು ಹೊಲಿದ ಬಟ್ಟೆ ಚೆಕ್ ಮಾಡುವ ಕೆಲಸ, ಅದೂ ನಿಂತುಕೊಂಡೇ. ಮದುವೆ ಆಗಲಿಲ್ಲ. ಕೇಳಿದರೆ ‘ನಿಂದಾಗ್ಲಿ ಬುಡು’ ಎನ್ನುತ್ತಿದ್ದಳು. ಅವಳನ್ನು ನೋಡಿ ನೋಡಿ ನಾನು ಬರೆದದ್ದು:

ಬೆಳ್ಳಗಾಗೋಕ್ ಮುಂಚೆ ಬಸ್ಸು ಬಂತಲ್ಲಕ್ಕ,
ಕಂಬಿ ಹಿಡ್ದು ನಿಂತ್ಯಲ್ಲಕ್ಕ.

ಇದನ್ನು ಹಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ ನೆಟ್ಟಿಗೆ ಹಾಕಿದ್ದೆ. ಕೇಳಿದವರು ಕಡಿಮೆ, ಆದರೆ ಆ ತಂಡದವರು ಕೇಳಿಬಿಟ್ಟರು. ಎತ್ತಿಕೊಂಡವರು ಹಾಗೆಯೇ ಹಾಡಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಜಾನಪದ ಎಂದ ಮೇಲೆ ಅದರಲ್ಲಿ ಬಸ್ಸು ಇರಬಾರದಂತೆ! ಬಸ್ಸು ಇಳಿಸಿ ಗಾಡಿ ಹತ್ತಿಸಿದರು:

ಬೆಳ್ಳಗಾಗೋಕ್ ಮುಂಚೆ ಗಾಡಿ ಬಂತಲ್ಲಕ್ಕ,
ಹುಲ್ಲಿನ್ ಮ್ಯಾಲೆ ಕೂತ್ಯಲ್ಲಕ್ಕ.

ಅಷ್ಟಕ್ಕೇ ಬಿಡಲಿಲ್ಲ. ಕೆಲಸಕ್ಕೆ ಹೊರಟವಳನ್ನು ಗಂಡನ ಮನೆಗೆ ಹೊರಟ ಮದುಮಗಳು ಮಾಡಿ, ತಮಟೆ ಬಾರಿಸಿಕೊಂಡು ಕುಣಿದರು. ಈಗ ಅದು ಮದುವೆ ಮನೆಗಳಲ್ಲೆಲ್ಲ ಓಡುತ್ತಿದೆ. ನನ್ನ ಹೆಸರು ಹೋದದ್ದು ಒತ್ತಟ್ಟಿಗಿರಲಿ. ಒಂದು ಜೀವವನ್ನೇ ಹಾಡಿನಿಂದ ಎತ್ತಿ ಆಚೆಗಿಟ್ಟರಲ್ಲ, ಅದನ್ನು ನಾನು ಹೇಗೆ ಸಹಿಸಲಿ?

ಹೋದ ತಿಂಗಳು ಮಳವಳ್ಳಿಯ ಒಂದು ಕಾರ್ಯಕ್ರಮಕ್ಕೆ ಕರೆದಿದ್ದರು. ಹಟಕ್ಕೆ ಬಿದ್ದು ಬಸ್ಸಿನ ಹಾಡನ್ನೇ ಹಾಡಿದೆ. ವೇದಿಕೆ ಇಳಿಯುತ್ತಲೇ ಸಂಘಟಕರಲ್ಲಿ ಹಿರಿಯರೊಬ್ಬರು ಪಕ್ಕಕ್ಕೆ ಕರೆದರು.

‘ಕಂಠ ಚೆನ್ನಾಗದೆ ಕಣಮ್ಮ. ಆದ್ರೆ ಅಳೇ ಆಡ್ನ ಇಂಗೆ ಕೆಡಿಸ್ಬಾರ್ದು. ಬಸ್ಸು ಎಲ್ಲಿಂದ ಬಂತು ಅದ್ರೊಳಿಕ್ಕೆ?’

‘ಸಾರ್, ಈ ಹಾಡು ಬರೆದೋಳೇ ನಾನು’ ಎಂದೆ.

ಅವರು ಮಗುವಿನ ಮಾತು ಕೇಳಿದವರಂತೆ ನಕ್ಕರು. ‘ನಮ್ಮಜ್ಜಿ ಆಡ್ತಿದ್ರು ಕಣಮ್ಮ ಇದ್ನ. ನಾನೇ ಕೇಳಿವ್ನಿ.’

ಹಾಡು ಹುಟ್ಟಿ ಇನ್ನೂ ನಾಲ್ಕು ವರ್ಷ ಆಗಿಲ್ಲ. ಬಾಯಿ ಸುಮ್ಮನಿರಲಿಲ್ಲ. ‘ನಿಮ್ಮಜ್ಜಿ ಯಾವ ಫೋನಲ್ಲಿ ಕೇಳಿ ಕಲ್ತಿದ್ರು ಸಾರ್?’ ಎಂದುಬಿಟ್ಟೆ.

ಪಕ್ಕದಲ್ಲಿದ್ದ ಹೆಂಗಸು ‘ದೊಡ್ಡೋರ್ ತಾವ ಇಂಗಾ ಮಾತಾಡೋದು?’ ಎಂದು ಗದರಿದಳು. ನೋಡಿ, ಹಾಡು ಕಳೆದುಕೊಂಡವಳು ನಾನು, ಬುದ್ಧಿ ಹೇಳಿಸಿಕೊಂಡವಳೂ ನಾನೇ. ನನಗೆ ಹಾಕಿದ್ದ ಹಾರವನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಬಸ್ ಸ್ಟ್ಯಾಂಡಿಗೆ ನಡೆದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಆ ಮನುಷ್ಯನಿಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವ ಹಾಗಿಲ್ಲ.

ಸಂಜೆ ಮನೆಗೆ ಬಂದರೆ ಅಕ್ಕ ಒಲೆಯ ಮುಂದೆ ನಿಂತು ಮುದ್ದೆ ತೊಳಸುತ್ತಿದ್ದಳು. ಬಾಯಲ್ಲಿ ಹಾಡು. ಬಸ್ಸಿನದಲ್ಲ, ಗಾಡಿಯದು. ಮಳವಳ್ಳಿಯಿಂದ ಕಟ್ಟಿಕೊಂಡು ಬಂದಿದ್ದ ಸಿಟ್ಟೆಲ್ಲ ಅವಳ ಮೇಲೇ ಹೋಯಿತು.

‘ಅಕ್ಕ, ನೀನೂ ಅದ್ನೇ ಆಡ್ತಿದ್ದೀಯಲ್ಲ! ಅದು ನಿನ್ ಆಡು ಕಣಕ್ಕ. ಅದ್ರಿಂದ ನಿನ್ನೇ ತೆಗ್ದಾಕವ್ರೆ ಅವ್ರು!’

ಅವಳ ಕೈ ನಿಲ್ಲಲಿಲ್ಲ. ‘ಗೊತ್ತು ಬುಡಮ್ಮಿ’ ಎಂದಳು.

‘ಗೊತ್ತಿದ್ದೂ ಆಡ್ತೀಯಾ?’

ಕೋಲಿಗೆ ಅಂಟಿದ್ದ ಹಿಟ್ಟು ಬಿಡಿಸುತ್ತಾ, ನನ್ನ ಕಡೆ ನೋಡದೆ ಹೇಳಿದಳು:

‘ನಿನ್ ಆಡ್ನಲ್ಲಿ ನಿಂತೇ ಇರ್ಬೇಕು ಕಣಮ್ಮಿ. ಇದ್ರಲ್ಲಾದ್ರೆ ಕೂತ್ಕಬೋದು.’