ಕಡಲತಳ ಮತ್ತು ಒಂದು ಥಾನು ಅರಿವಿ

ಮೆತ್ತಗಿದ್ದದ್ದು ಪೆಟ್ಟು ನುಂಗುತ್ತದೆ ಎಂದು ಹೇಳಿಕೊಟ್ಟವರು ಯಾರು? ಹಾಸಿಗೆ, ದಿಂಬು, ಸೊಸೆಯ ಸ್ವಭಾವ, ಎಲ್ಲಕ್ಕೂ ಇದೇ ಸರ್ಟಿಫಿಕೇಟು. ಸಮುದ್ರದ ತಳದ ಕೆಸರಿಗೂ ಅದನ್ನೇ ಕೊಟ್ಟುಬಿಟ್ಟಿದ್ದಾರೆ: ಅಷ್ಟು ಮೆತ್ತನೆಯ ಮಣ್ಣಿದ್ದ ಮೇಲೆ ಭೂಕಂಪ ಅಲ್ಲೇ ಸಣ್ಣದಾಗುತ್ತದಂತೆ. ನಾನು ಒಪ್ಪುವುದಿಲ್ಲ. ಒಪ್ಪದಿರುವುದು ನನ್ನ ಹಳೆಯ ಚಟ. ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ, ಮನೆಯಲ್ಲಿ “ಉಪ್ಪಿಟ್ಟು ಆರಿತು” ಎಂದರೂ “ಆಧಾರ?” ಎನ್ನುವಷ್ಟು ಬೆಳೆದಿದ್ದೇನೆ.

ಆದರೆ ಈ ಸಲ ಪಣಕ್ಕಿದ್ದದ್ದು ಬಹುಮಾನದ ಕಪ್ಪಲ್ಲ. ಕಡಲತೀರದ ಕಾಲೇಜೊಂದರಲ್ಲಿ ಸಾಗರ ಭೂವಿಜ್ಞಾನ ಓದಲು ನನಗೆ ಸೀಟು ಸಿಕ್ಕಿತ್ತು. ನಮ್ಮ ಮನೆಯಲ್ಲಿ ಯಾರ ಓದಿಗಾದರೂ ಕಡೆಯ ಮಾತು ದೊಡ್ಡಪ್ಪನದು. ಬನಹಟ್ಟಿ ಪೇಟೆಯಲ್ಲಿ ಅರಿವಿ ಅಂಗಡಿ, ಅಂದರೆ ಬಟ್ಟೆಯಂಗಡಿ, ಇಟ್ಟವರು. ಅವರ ಲೆಕ್ಕದಲ್ಲಿ ನಾನು ಜಮಖಂಡಿಯಲ್ಲಿ ಬಿ.ಎಡ್. ಮಾಡುವವಳು.

“ನಮ್ಮ ಓಣ್ಯಾಗ ಬೋರ್ ಹೊಡದರ ನೀರ ಬರವಲ್ದು, ನಿನಗ ಸಮುದ್ರ ಬೇಕಾತೇನ ಮಗಳ?” ಎಂದರು ಗಾದಿಯ ಮೇಲಿಂದ. “ತಳದಾಗ ರಾಡಿ ಬಿಟ್ಟರ ಏನೈತಿ ಅಲ್ಲಿ? ರಾಡ್ಯಾಗ ಬಿದ್ದರ ಪೆಟ್ಟೂ ಹತ್ತೂದಿಲ್ಲ.”

“ಆ ರಾಡಿನೇ ದೊಡ್ಡ ಭೂಕಂಪಕ್ಕ ಹಾದಿ ಮಾಡಿಕೊಡತೈತ್ರಿ.”

“ತೋರಸು. ತೋರಿಸಿದಿ ಅಂದ್ರ ಹೋಗು.”

ವಿಷಯ ಇಷ್ಟೇ. ಕಡಲತಳದ ಒಂದು ಬಂಡೆಫಲಕ ಇನ್ನೊಂದರ ಅಡಿಗೆ ನುಗ್ಗುತ್ತಿರುತ್ತದೆ. ನಡುವಿನ ಬಿರುಕು ಬಹುಕಾಲ ಕಚ್ಚಿಕೊಂಡಿದ್ದು ಒಮ್ಮೆ ಜಾರಿದರೆ ಭೂಕಂಪ. ಆ ಜಾರುವಿಕೆ ಬಿರುಕಿನುದ್ದಕ್ಕೂ ಎಷ್ಟು ದೂರ ಓಡಿತೋ ಅಷ್ಟು ಅದರ ದೊಡ್ಡಸ್ತಿಕೆ. ಇದನ್ನು ಅರಿವಿ ಅಂಗಡಿಯಲ್ಲಿ ತೋರಿಸುವುದು ಹೇಗೆ? ಹಿಪ್ಪರಗಿ ಬ್ಯಾರೇಜು ದಾಟಿದ ನಮ್ಮ ಕೃಷ್ಣೆಯ ಮಣ್ಣೇ ಹೋಗಿ ಅಂಡಮಾನಿನ ತಳವನ್ನು ಅಲುಗಿಸುತ್ತದೆ ಅನ್ನಬಹುದಿತ್ತು. ಚಪ್ಪಾಳೆ ಗ್ಯಾರಂಟಿ. ಆದರೆ ಅಲ್ಲಿಯ ಮಣ್ಣು ಬಹುಪಾಲು ಗಂಗೆ, ಬ್ರಹ್ಮಪುತ್ರೆಗಳದ್ದು. ಸುಳ್ಳು ಹೇಳಿ ಗೆದ್ದರೆ ಗೆದ್ದದ್ದು ಸುಳ್ಳು, ನಾನಲ್ಲ.

ಅಸ್ತರಿನ ಅರಿವಿಗೆ ಕಾದು ಕೂತಿದ್ದ ಗಿರಾಕಿ, ಮಹಾಲಿಂಗಪುರದ ಅಕ್ಕನಿಗೆ ಬೇಸರ ಬಂದಿತ್ತು. “ಭೂಮಿ ಆಮ್ಯಾಲ ನಡಗಲಿ ಸಾವಕಾರ್ರ, ಮೊದಲ ನನ್ನ ಅರಿವಿ ಹರೀರಿ. ಬಸ್ ಹೋಗತೈತಿ.”

ದೊಡ್ಡಪ್ಪ ಅಸ್ತರಿನ ಥಾನು ಬಿಚ್ಚಿ ಅಳೆದು, ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಹಾಕಿ ಎರಡೂ ಕೈಯಿಂದ ಎಳೆದರು. ಚರ್ರೆಂದು ಈ ಅಂಚಿನಿಂದ ಆ ಅಂಚಿಗೆ ಹರಿಯಿತು. ಹುಟ್ಟಿದಾಗಿನಿಂದ ಕೇಳಿದ ಸದ್ದು. ಅವತ್ತು ನನ್ನ ಪರ ಸಾಕ್ಷಿ ನುಡಿಯಿತು.

ದಪ್ಪ ಗಂಟಿನ ಖಾದಿಯ ತುಂಡೊಂದನ್ನು ಅವರ ಮುಂದೆ ಚಾಚಿದೆ. “ಇದನ್ನ ಹರೀರಿ ನೋಡೂನು.”

ಕಚ್ಚು ಹಾಕಿ ಎಳೆದರು. ಒಂದು ಗಂಟಿಗೆ ತಡೆಯಿತು. ಮತ್ತೆ ಎಳೆದರು, ಇನ್ನೊಂದಕ್ಕೆ ನಿಂತಿತು.

“ಕಡಲತಳದಾಗೂ ಹಿಂಗ ಗುಡ್ಡ ಅದಾವ್ರಿ. ಮಣ್ಣ ತೆಳ್ಳಗಿದ್ದಲ್ಲೆ ಅವು ತಲಿ ಎತ್ತಿರತಾವು, ಹರಕು ಅಲ್ಲಲ್ಲೇ ನಿಲ್ಲತೈತಿ. ಮಣ್ಣ ದಪ್ಪಗ ತುಂಬಿದಲ್ಲೆ ಗುಡ್ಡ ಮುಚ್ಚಿ ಹಾದಿ ಸಪಾಟ, ಆ ಅಸ್ತರಿನ ಅರಿವಿಯಂಗ. ಒಮ್ಮಿ ಹರಿಯಾಕ ಹತ್ತಿತಂದ್ರ ತಡಿಯವ್ರಿಲ್ಲ.”

ಎಲ್ಲ ಕಡೆಯೂ ಹೀಗೇ ಎಂದು ನಾನು ಹೇಳಲಿಲ್ಲ. ಮಣ್ಣು ಎಷ್ಟು ನೀರು ಹಿಡಿದಿದೆ, ಬಿರುಕು ಕವಲೊಡೆದು ಮೇಲೆದ್ದು ಕಡಲನ್ನೇ ಎತ್ತುತ್ತದೋ ಇಲ್ಲವೋ, ಇದೆಲ್ಲದರ ಬಗ್ಗೆ ಬಲ್ಲವರೇ ಇನ್ನೂ ಜಗಳಾಡುತ್ತಿದ್ದಾರೆ. ಜಗಳ ಮುಗಿಯದ ಶಾಸ್ತ್ರ. ನನ್ನಂಥವಳಿಗೆ ಇದಕ್ಕಿಂತ ಛಲೋ ಸಂಬಂಧ ಎಲ್ಲಿ ಕುದುರೀತು?

ಮನುಷ್ಯರಿಗೂ ಈ ನಿಯಮ ಸಲ್ಲುತ್ತದೆಂದು ನನ್ನ ಗುಮಾನಿ. ದಿನಕ್ಕೆ ಹತ್ತು ಸಲ ಸಿಡುಕುವ ದೊಡ್ಡಪ್ಪನಿಗೆ ಅಂಗಡಿಯ ಬೆಕ್ಕೂ ಅಂಜುವುದಿಲ್ಲ. ನುಣ್ಣಗೆ ಮಾತಾಡುವವರು ಎದುರಾದರೆ ಮಾತ್ರ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

ದೊಡ್ಡಪ್ಪ ಎರಡೂ ತುಂಡುಗಳನ್ನು ತೊಡೆಯ ಮೇಲೆ ಹಾಸಿ ಬೆರಳಾಡಿಸಿದರು. “ಖರೆ ಐತಿ,” ಎಂದರು. “ಹೋಗು.”

“ನಿಮ್ಮ ಹುಡಿಗಿ ಗೆದ್ದಳ ಬಿಡ್ರಿ,” ಎಂದು ಮಹಾಲಿಂಗಪುರದ ಅಕ್ಕ ಬಸ್ಸು ಮರೆತು ನಕ್ಕರು. ಯಾವ ಕಪ್ಪು ಎತ್ತಿದಾಗಲೂ ನನ್ನ ಎದೆ ಇಷ್ಟು ಉಬ್ಬಿರಲಿಲ್ಲ. ಎದುರಿನ ಚಹಾದಂಗಡಿಗೂ ಕೇಳುವಂತೆ ಗೆದ್ದಿದ್ದೆ.

ದೊಡ್ಡಪ್ಪ ಗಾದಿಯ ಹಿಂದೆ ಕೈಹಾಕಿ ಒಂದು ಪೊಟ್ಟಣ ತೆಗೆದು ನನ್ನ ಕಡೆ ಸರಿಸಿದರು. “ಸಮುದ್ರದ ದಂಡಿಗೆ ಬೆವರು ಭಾಳ. ತೆಳ್ಳನ ಹತ್ತಿ ಉಡಬೇಕು.”

ಬಿಚ್ಚಿದೆ. ಚೂಡಿದಾರದ ತುಂಡುಗಳು, ನನ್ನ ಅಳತೆಗೇ ಹರಿದಿಟ್ಟವು. ಮಡಿಕೆಗಳು ಗಟ್ಟಿಯಾಗಿ ಕೂತು, ಅಂಚಿನ ಮೇಲೆ ತೆಳ್ಳಗೆ ಧೂಳೂ ಹಿಡಿದಿತ್ತು. ಇವತ್ತು ಹರಿದ ಅರಿವಿಯಂತೂ ಅಲ್ಲ.

“ದೊಡ್ಡಪ್ಪಾ, ನೀವು ಈಗ ಸೋತು ಒಪ್ಪಿದ್ರ್ಯೋ, ಇಲ್ಲಾ ಮೊದಲ ಒಪ್ಪಿ ನನ್ನನ್ನ ವಾದಕ್ಕ ಎಳದ್ರ್ಯೋ?”