ಊರ ಹೆಸರಿಲ್ಲದ ಪುಟ

ಚನ್ನಪಟ್ಟಣದಲ್ಲಿ ನನ್ನ ಜೆರಾಕ್ಸ್ ಅಂಗಡಿಯ ಪಕ್ಕ, ನಾನು ಮಾವ ಎಂದು ಕರೆಯುತ್ತಿದ್ದ ಒಬ್ಬರು ಮರದ ಬೊಂಬೆ ಕಡೆಯುತ್ತಿದ್ದರು. ಕೊಳ್ಳುವವರು ಕಡಿಮೆಯಾಗಿ ಬೊಂಬೆ ಕಡೆಯುವ ಲೇತ್ ನಿಲ್ಲುವ ಹಾಗಾದಾಗ ಅವರಿಗೊಂದು ವೆಬ್‌ಸೈಟ್ ಮಾಡಿಕೊಟ್ಟೆ. ಅಂದಿನಿಂದ ದಿನಾ ಬೆಳಿಗ್ಗೆ ಬರುತ್ತಿದ್ದರು. ಅರಗಿನ ಬಣ್ಣ ಹತ್ತಿದ ಹೆಬ್ಬೆರಳನ್ನು ಲುಂಗಿಗೆ ಒರೆಸಿಕೊಂಡು, ಕಂಪ್ಯೂಟರಿನಿಂದ ಒಂದು ಮಾರು ದೂರ ನಿಂತು ಕೇಳುತ್ತಿದ್ದರು.

“ಯಾರಾನ ಬಂದವ್ರೇನವ್ವ?”

ಇಬ್ಬರೋ ಮೂವರೋ ನೋಡಿರುತ್ತಿದ್ದರು. ಎಲ್ಲ ನಮ್ಮೂರಿನವರೇ. ಅವರಲ್ಲಿ ಒಬ್ಬಳು ನಾನು.

“ನೋಡ್ಕಂಡ್ ಹೋದವ್ರು ನಾಳೆ ತಗತಾರೆ ಬುಡು,” ಎನ್ನುತ್ತಿದ್ದರು.

ಪುಟ ಬರೆಯುವ ದಿನ ನಾನು ಕೇಳಿದ್ದೆ, “ಮಾವ, ಚನ್ನಪಟ್ಟಣ ಅಂತ ಹಾಕ್ಲಾ?”

“ಅದ್ಯಾಕವ್ವ? ಈ ಬೀದೀಲಿ ಯಾವ ಬೋರ್ಡಲ್ಲಿ ಊರೆಸ್ರೈತೆ? ನಾವೇನ್ ಊರ್ ಬುಟ್ಟು ಓಡೋಗಿದ್ದೀವಾ?”

ನಾನೂ ನಕ್ಕು ಬೀದಿಯ ಹೆಸರಷ್ಟೇ ಹಾಕಿದೆ.

ಲೇತ್ ನಿಂತಿತು. ಆರು ತಿಂಗಳಿಗೆ ಅವರೂ ಹೋದರು.

ತಿಥಿಯ ಮಾರನೆಯ ದಿನ ಮೊದಲ ಸಲ ಹೊರಗಿನವಳ ಹಾಗೆ ಹುಡುಕಿ ನೋಡಿದೆ. ಚನ್ನಪಟ್ಟಣದ ಬೊಂಬೆ ಎಂದು ಟೈಪ್ ಮಾಡಿದರೆ ಯಾರು ಯಾರದೋ ಅಂಗಡಿ ಬಂತು, ಅವರದು ಬರಲಿಲ್ಲ. ಆಗ ಪುಟಕ್ಕೆ ಊರಿನ ಹೆಸರು ಸೇರಿಸಿದೆ.

ತಿಂಗಳು ಕಳೆದ ಮೇಲೆ ಎಲ್ಲೆಲ್ಲಿಂದಲೋ ಜನ ಪುಟಕ್ಕೆ ಬರತೊಡಗಿದರು. ನಿನ್ನೆ ನಾಗಪುರದಿಂದ ಒಬ್ಬರು ಬರೆದಿದ್ದಾರೆ. ಮಗಳಿಗೆ ಒಂದು ವರ್ಷ ತುಂಬುತ್ತದಂತೆ, ಫೋಟೋದಲ್ಲಿರುವ ಹಳದಿ ಗಿಲಕಿಯೇ ಬೇಕಂತೆ. ಎಷ್ಟು ದಿನದಲ್ಲಿ ಮಾಡಿಕೊಡುತ್ತೀರಿ ಎಂದು ಕೇಳಿದ್ದಾರೆ.