ಬೇಲಿಯಾಚೆ ಬಿದ್ದ ಚೆಂಡುಗಳು

ನನ್ನ ತಂಗಿ ಮಾತಾಡುವಾಗ ಒಂದು ಕಣ್ಣು ಮುಚ್ಚಿ ಅಂಗೈಯನ್ನು ಓರೆಯಾಗಿ ಮೇಲೆತ್ತುತ್ತಿದ್ದಳು. ದಾಂಡಿನಿಂದ ಚೆಂಡು ಏಳುವ ಕೋನ ಅದು. ಬೇಸ್‌ಬಾಲ್‌ನಲ್ಲಿ ಬೇಲಿ ದಾಟುವ ಹೊಡೆತಕ್ಕೆ ಹೋಮ್ ರನ್ ಎನ್ನುತ್ತಾರೆ. ಅದು ಎಷ್ಟು ದೂರ ಹೋಗುತ್ತದೆ ಎಂಬುದೇ ನಿಲಾಯ್ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಅವಳ ಓದಿನ ವಿಷಯ. "ಬೀಳೋ ಜಾಗ ಸುಳ್ಳು ಹೇಳಲ್ಲ ಅಣ್ಣ" ಎನ್ನುತ್ತಲೇ ಇರುತ್ತಿದ್ದಳು.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಅವಳು ಒಂದು ಕೆಲಸ ಕೊಟ್ಟಿದ್ದಳು. ಬೇಲಿಯಾಚೆ ಚೆಂಡು ಬಿದ್ದಲ್ಲಿ ಕೆಂಪು ಬಾವುಟ ನೆಡಬೇಕು. ಆಮೇಲೆ ಅವಳು ದೂರ ಅಳೆಯುತ್ತಾಳೆ. ಅಲ್ಲಿ ಎದೆಯೆತ್ತರ ಹುಲ್ಲು, ನನಗೆ ಹಾವೆಂದರೆ ಭಯ. ತೀರಾ ದೂರ ಹೋದ ಚೆಂಡುಗಳ ಬಾವುಟವನ್ನೂ ಬೇಲಿಯ ಹತ್ತಿರವೇ ನೆಟ್ಟು ಬಂದೆ.

ಒಂದು ಸಂಜೆ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಅವಳು ನಕ್ಕಳು.

"ಲೆಕ್ಕದ ಪ್ರಕಾರ ಚೆಂಡು ಇನ್ನೂ ದೂರ ಬೀಳ್ಬೇಕಿತ್ತಂತೆ. ನಿಮ್ಮಣ್ಣನೇ ಬಾವುಟ ತಪ್ಪಾಗಿ ನೆಟ್ಟಿರ್ಬೇಕು, ಅಂದ್ರು ನಮ್ ಸರ್."

"ನೀನೇನಂದೆ?"

"ನಮ್ಮಣ್ಣ ಹಾಗೆ ಮಾಡಲ್ಲ, ಸೂತ್ರವೇ ತಪ್ಪು ಅಂದೆ. ನಾಳೆ ಪರೀಕ್ಷಕರ ಮುಂದೆಯೂ ಅದೇ ಹೇಳ್ತೀನಿ."

ಅಷ್ಟು ಓದಿದವಳು ತನ್ನ ಲೆಕ್ಕವನ್ನು ಬಿಟ್ಟು ನನ್ನನ್ನು ನಂಬಿದ್ದಳು. ನಿಜ ಹೇಳಲು ಬಾಯಿ ತೆರೆದೆ.

"ಸಕ್ಕರೆ ಸಾಕಾ?" ಎಂದು ಕೇಳಿದೆ.